ಕುಂಟ ರಾಜನ ಪಾರ್ಟು

ಕುಂಟ ರಾಜನ ಪಾತ್ರವನ್ನು ಎರಡೂ ಕಾಲು ನೆಟ್ಟಗಿದ್ದ ಹೀರೋನಿಗೆ ಕೊಟ್ಟರು. ಅದರ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಹುಟ್ಟುಕುಂಟ ಗುರುಪಾದನಿಗೆ ಪರದೆಯ ಹಗ್ಗ ಕೊಟ್ಟರು.

“ಖರೇ ಕುಂಟ ಕುಂಟಿದ್ರ ಅದು ನಟನೆ ಹೆಂಗಾಗ್ತದಲೇ?” ಎಂದು ನಾಟಕ ಕಂಪನಿಯ ಮಾಲಕರು ನಕ್ಕಿದ್ದರು.

ಮೊದಲ ಆಟದಲ್ಲೇ ಠೀವಿಯಿಂದ ಕುಂಟುತ್ತ ಬಂದ ಹೀರೋ ತನ್ನ ನಿಲುವಂಗಿಯನ್ನೇ ತುಳಿದು ಧೊಪ್ಪನೆ ಬಿದ್ದ.

“ಅಯ್ಯಯ್ಯೋ, ನನ್ನ ಕಾಲು ಹೋತೋ!”

“ಒನ್ಸ್ ಮೋರ್!” ಎಂದು ಜನ ಸಿಳ್ಳೆ ಹೊಡೆದರು.

ಗುರುಪಾದ ನಗು ತಡೆಯಲಾರದೆ ಪರದೆ ಎಳೆದ. ಮಾಲಕರು ಓಡಿಬಂದರು.

“ನಿನ್ನ ಊರುಗೋಲು ಅವಂಗ ಕೊಡು. ಹೆಂಗರ ಮಾಡಿ ಆಟ ಮುಗಿಸ್ತಾನ.”

ಉರುಳಿ ಬಂದಿದ್ದ ಕಿರೀಟವನ್ನು ಗುರುಪಾದ ಎತ್ತಿ ತಲೆಗಿಟ್ಟುಕೊಂಡ.

“ಕೊಡಂಗಿಲ್ರಿ, ಮಾಲಕ್ರ. ಈಗ ಅವರೂ ಖರೇ ಕುಂಟ್ರಾದ್ರು. ಅವರು ಕುಂಟಿದ್ರ ನಟನೆ ಹೆಂಗಾಗ್ತದ್ರಿ?”