ನಾರುವ ಪೈಪು

ಗ್ರೈಂಡರಿನ ಚಕ್ರ ಪೈಪನ್ನು ಅರ್ಧ ಗೇಣು ಸೀಳಿತ್ತಷ್ಟೆ, ಪ್ಲಂಬರ್ ಬಂದವನೇ ಪ್ಲಗ್ ಕಿತ್ತುಹಾಕಿದ. ಏಣಿಯ ಮೇಲಿದ್ದ ಮನೆ ಯಜಮಾನ ತಲೆಯಿಂದ ಸೊಂಟದವರೆಗೆ ಹಿಟ್ಟಿನ ಗಿರಣಿಯಲ್ಲಿ ಮಲಗಿ ಎದ್ದವನ ಹಾಗೆ ಬೆಳ್ಳಗಾಗಿದ್ದ. ಐದು ನಿಮಿಷದ ಕೆಲಸಕ್ಕೆ ಬಟ್ಟೆ ಬದಲಾಯಿಸುವುದೇಕೆಂದು ಹೊಸ ನೀಲಿ ಶರ್ಟಿನಲ್ಲೇ ಏಣಿ ಹತ್ತಿದ್ದ.

"ಹತ್ತು ಗಂಟೆಗೆ ಬರ್ತೀನಿ ಅಂದಿದ್ನಲ್ಲ ಸಾರ್, ಅಷ್ಟು ಹೊತ್ತು ತಡ್ಕೊಳ್ಳೋಕೆ ಆಗ್ಲಿಲ್ವಾ?"

"ತಡ್ಕೊಂಡೂ ತಡ್ಕೊಂಡೂ ಸಾಕಾಗಿದೆ ಕಣಯ್ಯ! ಮಹಡಿ ಕಕ್ಕಸ್ಸಿನ ಪೈಪು ಒಡೆದು ಮೂರು ದಿನ ಆಯ್ತು. ಅಡುಗೆಮನೆ ಕಿಟಕಿ ತೆಗೆಯೋ ಹಾಗಿಲ್ಲ, ಅಷ್ಟು ನಾರ್ತಿದೆ."

"ನಾರೋದು ಯಾರನ್ನೂ ಕೊಲ್ಲಲ್ಲ ಸಾರ್. ಒಳಗೆ ಇರೋ ನಾರು ಕೊಲ್ಲುತ್ತೆ. ಹಳೇ ಸಿಮೆಂಟ್ ಪೈಪು ಇದು, ಕಲ್ನಾರು, ಅದೇ ಆಸ್ಬೆಸ್ಟಾಸ್, ಇರಬಹುದು. ಪರೀಕ್ಷೆ ಮಾಡಿಸೋವರೆಗೂ ಇದೆ ಅಂತಾನೇ ನನ್ನ ಲೆಕ್ಕ. ಹಾಗೇ ನಿಧಾನ ಇಳೀರಿ. ಮೈ ಕೊಡವ್ಕೋಬೇಡಿ. ಮೊದಲು ಮೈ ಮೇಲೆ ನೀರು ಸುರ್ಕೊಳ್ಳಿ, ಬಟ್ಟೆ ಪೂರ್ತಿ ನೆಂದ ಮೇಲೆ ಬಿಚ್ಚಿ ಈ ಚೀಲಕ್ಕೆ ಹಾಕಿ."

ಬೀದಿಯಲ್ಲಿ ಈ ಪ್ಲಂಬರನಿಗೆ ಸ್ನಾನದ ಮೇಸ್ತ್ರಿ ಎಂದೇ ಹೆಸರು. ಹಳೆಯ ಪೈಪನ್ನು ಮುಟ್ಟುವ ಮುಂಚೆ ಅದಕ್ಕೆ ಸೋಪುನೀರಿನ ಅಭ್ಯಂಜನ ಆಗಲೇಬೇಕು. ಆಮೇಲೆ ಅದನ್ನು ಕೊಯ್ಯುವುದಿಲ್ಲ, ಒಡೆಯುವುದಿಲ್ಲ. ಕೀಲು ಸಡಿಲಿಸಿ ಇಡೀ ತುಂಡನ್ನೇ ಮಗುವಿನ ಹಾಗೆ ಎತ್ತಿಕೊಂಡು ಇಳಿಯುತ್ತಾನೆ. ಆದರೆ ಈ ಮನೆಯ ಯಜಮಾನನಿಗೆ ಇನ್ನೊಬ್ಬರ ಮಾತು ಕೇಳಿ ಅಭ್ಯಾಸವಿಲ್ಲ. ಅವನಿಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಟ್ಟೆ ಒಗೆಯುವುದಕ್ಕೂ ಅವನದೇ ಒಂದು ಶಾಸ್ತ್ರ: ನೆನೆಹಾಕುವ ಮುಂಚೆ ಪ್ರತಿ ಬಟ್ಟೆಯನ್ನೂ ಮೂರು ಸಲ ಕೊಡವಬೇಕು. ತಾನು ಜನ್ಮದಲ್ಲಿ ಒಂದು ಕರವಸ್ತ್ರ ಒಗೆದವನಲ್ಲ, ಆದರೂ ಹೆಂಡತಿ ಎರಡೇ ಸಲ ಕೊಡವಿ ನಿಲ್ಲಿಸಿದರೆ ಒಳಗೆ ಕೂತಲ್ಲಿಂದಲೇ "ಇನ್ನೊಂದು ಬಾಕಿ!" ಎಂದು ಕೂಗುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಹೆಂಡತಿ ವಾದ ಮಾಡುವುದನ್ನು ಬಿಟ್ಟು ಎಣಿಸುವುದನ್ನು ಕಲಿತಿದ್ದಳು.

ಹೊಸ ಶರ್ಟನ್ನು ಕಸದ ಚೀಲಕ್ಕೆ ತುಂಬಲು ತನಗೇನು ತಲೆ ಕೆಟ್ಟಿದೆಯೇ ಎಂದು ಗೊಣಗಿಕೊಂಡು ಅವನು ಅದನ್ನು ನೀರು ತಾಕಿಸದೆಯೇ ಬಿಚ್ಚಿ, ಬಚ್ಚಲ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದ. ಮೈ ತೊಳೆದು, ಟವೆಲ್ಲು ಸುತ್ತಿಕೊಂಡು, ತಮಾಷೆ ನೋಡಲು ಹಿಂತಿರುಗಿದ. ಅಷ್ಟರಲ್ಲಿ ಪ್ಲಂಬರ್ ಮೂಗು ಬಾಯಿಗೆ ಬಿಗಿಯಾದ ಮಾಸ್ಕು ಹಾಕಿ, ಅಡುಗೆಮನೆ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನೆಲಕ್ಕೆ ಬಿದ್ದ ಪುಡಿಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಮುಗಿಸಿದ್ದ. ಈಗ ಪೈಪಿನ ಸೀಳಿಗೆ ನೀರು ಚಿಮುಕಿಸುತ್ತಿದ್ದ.

"ಬೆನ್ನೂ ಉಜ್ಜಿಬಿಡು, ಪಾಪ," ಎಂದ ಯಜಮಾನ. ತನ್ನ ಹಾಸ್ಯಕ್ಕೆ ತಾನೇ ನಕ್ಕ.

ಪ್ಲಂಬರ್ ಕೀಲು ಬಿಚ್ಚಿ, ಸೀಳಿದ ತುಂಡನ್ನು ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಸುತ್ತು ಸುತ್ತಿ ಅಂಟುಪಟ್ಟಿ ಹಾಕಿದ. ಆಮೇಲೆ ತಾನು ತಂದಿದ್ದ ಚೀಲದೊಳಗೆ ಇಣುಕಿದ.

"ಶರ್ಟ್ ಎಲ್ಲಿ ಸಾರ್?"

"ಇರುತ್ತೆ ಬಿಡಯ್ಯ, ಒಗೆದರೆ ಹೋಗುತ್ತೆ. ಏನು ನಿಂದೊಂದು ಗಲಾಟೆ! ನಿಮ್ಮಪ್ಪನೂ ಇದೇ ಕೆಲಸ ಮಾಡ್ತಿದ್ದದ್ದಲ್ವಾ? ಅವರು ಹೀಗೆಲ್ಲ ಸ್ನಾನ ಮಾಡಿಸ್ತಿದ್ರಾ?"

"ಇಲ್ಲ ಸಾರ್. ಗರಗಸದಲ್ಲೇ ಕೊಯ್ತಿದ್ದ. ದಿನಕ್ಕೆ ಹತ್ತು ಪೈಪು."

"ಏನಾದ್ರು? ಸತ್ರಾ?"

"ಗುಂಡುಕಲ್ಲಿನ ಹಾಗಿದ್ದಾನೆ ಸಾರ್. ಎಂಬತ್ತೆರಡು. ಒಂದು ಪೈಪಿಗೆ ಅರ್ಧ ದಿನ ತಗೋತೀಯ ಅಂತ ದಿನಾ ನನಗೆ ಬೈತಾನೆ."

"ನೋಡಿದ್ಯಾ! ನಾನು ಹೇಳಿದ್ದೇನು?" ಗೆದ್ದ ಖುಷಿಗೆ ಯಜಮಾನನ ಟವೆಲ್ಲು ಜಾರುವುದರಲ್ಲಿತ್ತು. ಒಂದು ಕೈಯಲ್ಲಿ ಹಿಡಿದುಕೊಂಡ.

"ಹೋದೋಳು ನಮ್ಮಮ್ಮ."

"ಅವರೂ ಪೈಪಿನ ಕೆಲಸಕ್ಕೆ ಹೋಗ್ತಿದ್ರಾ?"

"ಪೈಪಿನ ಹತ್ತಿರಾನೂ ಸುಳಿದೋಳಲ್ಲ ಸಾರ್. ಸಂಜೆ ಅಪ್ಪ ಬಂದು ಅಂಗಿ ಬಿಚ್ಚಿ ಹಾಕ್ತಿದ್ದ, ಅವಳು ಹಿತ್ತಲಲ್ಲಿ ನಿಂತು ಅದನ್ನ ಕೊಡವ್ತಿದ್ಲು. ಎಷ್ಟೋ ವರ್ಷ. ಅಪ್ಪ ಇವತ್ತಿಗೂ ನಂಬಲ್ಲ. ಧೂಳು ತಿಂದೋನು ನಾನು, ಅವಳಿಗ್ಯಾಕೆ ಕೆಮ್ಮು ಬಂತು ಅಂತಾನೆ."

ಯಜಮಾನ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮನೆಯ ಹಿಂದಿನಿಂದ ಸದ್ದು ಕೇಳಿಸಿತು.

ಫಟ್.

ಅದು ಅವನಿಗೆ ಇಪ್ಪತ್ತಾರು ವರ್ಷದಿಂದ ಚೆನ್ನಾಗಿ ಗೊತ್ತಿದ್ದ ಸದ್ದು.

ಫಟ್.

ಅವನು ಓಡಿದ. ನಡುಮನೆ, ಅಡುಗೆಮನೆ ದಾಟಿ, ಟವೆಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಎದೆ ಒಡೆಯುವ ಹಾಗೆ ಓಡಿದ. ದಾರಿಯಲ್ಲಿ ಒಂದು ಸ್ಟೂಲು ಮಗುಚಿತು. ಕೂಗೋಣವೆಂದರೆ ಜೀವಮಾನದಲ್ಲಿ ಮೊದಲ ಸಲ ಅವನ ಗಂಟಲಿನಿಂದ ಮಾತು ಹೊರಡಲಿಲ್ಲ.

ಹಿತ್ತಲ ಬಾಗಿಲಲ್ಲಿ ಹೆಂಡತಿ ಬಿಸಿಲಿಗೆ ಮುಖ ಮಾಡಿ ನಿಂತಿದ್ದಳು. ಅವಳ ತಲೆಯ ಸುತ್ತ ಸಣ್ಣಗೆ ಏನೋ ಹೊಳೆಯುತ್ತ ತೇಲುತ್ತಿತ್ತು. ನೀಲಿ ಶರ್ಟನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದವಳು ಹೆಜ್ಜೆ ಸದ್ದಿಗೆ ತಿರುಗಿ ನೋಡಿದಳು.

"ಗೊತ್ತು ಬಿಡ್ರೀ, ಅದಕ್ಕೂ ಓಡಿ ಬರಬೇಕಾ?" ಎಂದಳು. "ಇನ್ನೊಂದು ಬಾಕಿ."