ಹೋಲಿಕೆಗೆ ಕೊಟ್ಟ ರಕ್ತ

೨೦೨೩ರ ಮಾರ್ಚ್ ೧೪, ಬೆಳಿಗ್ಗೆ ೧೦.೨೦. ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನು ನಿನ್ನೆ ಬೈಪಾಸ್ ಆದ ಮೇಷ್ಟರಿಗಿಂತ, ಆರೋಗ್ಯವಂತರ ಮಾದರಿಯಾಗಿ ಹೋಲಿಕೆಗೆಂದು ರಕ್ತ ಕೊಟ್ಟಿದ್ದ ಅವರ ಹೆಂಡತಿಯಲ್ಲೇ ಹೆಚ್ಚಿತ್ತು. ಟ್ಯೂಬುಗಳು ಅದಲುಬದಲಾಗಿರಬೇಕೆಂದು ನಾಲಿಗೆ ಕಚ್ಚಿಕೊಂಡ ಲ್ಯಾಬಿನವಳು ಸಿರಿಂಜು ಹಿಡಿದು ಐಸಿಯು ಹೊರಗಿನ ಬೆಂಚಿನ ಬಳಿಗೆ ಬಂದಳು.

“ಅಮ್ಮಾ, ನನ್ನದೇ ತಪ್ಪು. ಇನ್ನೊಂದು ಸಲ ರಕ್ತ ಕೊಡ್ತೀರಾ?”

“ತಗೊಳ್ಳೇ ತಾಯಿ. ಆಪರೇಷನ್ ಅವರಿಗೆ, ಸೂಜಿ ನನಗೆ! ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ಕೂತು ಕೂತು ಬೆನ್ನು ಹಿಡ್ಕೊಂಡಿದೆ, ಅಷ್ಟೇ.” ಚಾಚಿದ ತೋಳು ಬೆವರಿ ತಣ್ಣಗಿತ್ತು.

ಈ ಸಲ ಅವರ ಎದುರಿಗೇ ಹೆಸರು ಬರೆದು, ಆ ಒಂದೇ ಟ್ಯೂಬನ್ನು ಯಂತ್ರಕ್ಕಿಟ್ಟಳು. ಆರೋಗ್ಯವಂತರಲ್ಲಿ ಆ ಪ್ರೋಟೀನು ಲೀಟರಿಗೆ ಹದಿನಾಲ್ಕು ನ್ಯಾನೋಗ್ರಾಂ ದಾಟುವುದಿಲ್ಲ. ಪರದೆ ನೋಡಿದವಳೇ ಫೋನೆತ್ತಿ ಕಿರುಚಿದಳು: “ಡಾಕ್ಟ್ರೇ, ಬೇಗ ಸ್ಟ್ರೆಚರ್ ಕಳಿಸಿ! ಮೇಷ್ಟ್ರಿಗಲ್ಲ, ಹೊರಗೆ ಬೆಂಚಲ್ಲಿ ಕೂತಿರೋ ಅವರ ಹೆಂಡ್ತಿಗೆ!”

ಲೀಟರಿಗೆ ೨,೩೪೦ ನ್ಯಾನೋಗ್ರಾಂ.