ಗದ್ದಲ ತೆಗೆದ ಹಾಡು

ಸಂಜೆ ಆರಕ್ಕೆ ಆಲ್ಬಂ ಬಿಡುಗಡೆ. ಮೇಘಾ ತನ್ನ ತಂಡದ ಮೊದಲ ಹಾಡನ್ನು ಹತ್ತನೇ ಸಲ ಹಾಕಿದಳು. ಗಿಟಾರ್ ಝಣಝಣ ಅನ್ನುತ್ತಿತ್ತು, ಸ್ವರ ತಪ್ಪಿರಲಿಲ್ಲ. ಆದರೂ ಹಾಡು ಎಲ್ಲೋ ಕುಂಟುತ್ತಿತ್ತು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಇದು ನಮ್ಮ ಪಡಸಾಲ್ಯಾಗ ಬಾರಿಸಿದ್ದಲ್ಲೇನವಾ?" ಮೊರದ ತುಂಬ ಗಂಗಾವತಿ ಅಕ್ಕಿ ಹಾಕಿಕೊಂಡು ಕೂತಿದ್ದ ಅವ್ವ ಹುಲಿಗವ್ವ ಕೇಳಿದಳು. "ಅವತ್ತು ನಾ ಅಕ್ಕಿ ಕೇರಾಕತ್ತಿದ್ದೆ. ಅದರ ಸಪ್ಪಳನ ಇಲ್ಲಲ್ಲ?"

"ಗದ್ದಲ ಅಂತ ತಗದೀನಿ ಬೇ. ಎರಡು ದಿನ ಹಿಡೀತು."

ಅವ್ವ ಮೊರ ಎತ್ತಿ ಕೇರತೊಡಗಿದಳು. ಝರ್, ಝರ್. ಕುಂಟುತ್ತಿದ್ದ ಹಾಡು ನೆಟ್ಟಗೆ ನಡೆಯಿತು. ಅವತ್ತು ತಂಡದ ನಾಲ್ವರೂ ತಾಳ ಹಿಡಿದದ್ದು ಈ ಮೊರದಿಂದಲೇ ಎಂದು ಮೇಘಾಗೆ ಈಗ ಹೊಳೆಯಿತು.

ಅವಳು ಮೈಕ್ ತರುವಷ್ಟರಲ್ಲಿ ಅವ್ವ ಮೊರ ಕೆಳಗಿಟ್ಟಿದ್ದಳು. "ಅಕ್ಕಿ ಹಸನಾದುವು."

ಮೇಘಾ ನೆಲದ ಮೇಲಿನ ಹೊಟ್ಟನ್ನೆಲ್ಲ ಬೊಗಸೆಯಲ್ಲಿ ಬಾಚಿ, ಮತ್ತೆ ಅಕ್ಕಿಗೇ ಸುರಿದಳು.

"ಇನ್ನೊಮ್ಮೆ ಕೇರು ಬೇ."